ಗಾಳಿ ಹೆಚ್ಚಾದ ದಿನದ ಪಂದ್ಯ

ಹಾಯಿದೋಣಿಯ ಪಂದ್ಯವೆಂದರೆ ಶ್ರೀಮಂತರ ಆಟ ಎಂಬ ಭಾವನೆ ನಮ್ಮಲ್ಲಿದೆ. ಅದು ಪೂರ್ತಿ ಸುಳ್ಳೂ ಅಲ್ಲ. ಬಹುಕಾಲ ಈ ಆಟದಲ್ಲಿ ಒಳ್ಳೆಯ ದೋಣಿ ಕೊಳ್ಳಬಲ್ಲವನ ಗೆಲುವು ಪಂದ್ಯಕ್ಕೆ ಮೊದಲೇ ಅರ್ಧ ತೀರ್ಮಾನವಾಗಿರುತ್ತಿತ್ತು. ಈ ಅನ್ಯಾಯವನ್ನು ಸ್ವಲ್ಪ ಮಟ್ಟಿಗಾದರೂ ಸರಿಪಡಿಸಿದ್ದು ಅಮೆರಿಕದ ಕಾಲೇಜುಗಳು.

ಅಲ್ಲಿ ಕಾಲೇಜುಗಳ ನಡುವಿನ ಹಾಯಿದೋಣಿ ಸ್ಪರ್ಧೆಗೆಂದೇ 1930ರಲ್ಲಿ ಒಂದು ಸಂಘಟನೆ ಹುಟ್ಟಿತು. ಆದರೆ ಆಟದ ಸ್ವರೂಪ ಬದಲಾದದ್ದು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು, ಅಂದರೆ ಎಂಐಟಿಯವರು, 1936ರ ಸುಮಾರಿಗೆ ಚಾರ್ಲ್ಸ್ ನದಿಯ ದಂಡೆಯಲ್ಲಿ ದೋಣಿಮನೆ ತೆರೆದ ಮೇಲೆ. ಅದು ಮಹಾ ಆರ್ಥಿಕ ಕುಸಿತದ ಕಾಲ. ಅಲ್ಲಿಯ ನೌಕಾಶಿಲ್ಪದ ಪ್ರಾಧ್ಯಾಪಕ ಜಾರ್ಜ್ ಓವೆನ್ ಒಂದು ಪುಟ್ಟ ದೋಣಿಯ ನಕ್ಷೆ ಬರೆದುಕೊಟ್ಟರು. ಒಂದೇ ಅಚ್ಚಿನ ಹತ್ತಾರು ದೋಣಿಗಳು ತಯಾರಾದವು. ಅವು ಯಾವ ವಿದ್ಯಾರ್ಥಿಯ ಸ್ವತ್ತೂ ಅಲ್ಲ, ಸಂಸ್ಥೆಯ ಸ್ವತ್ತು. ಜಾಕ್ ವುಡ್ ಎಂಬವರು ಹಾಯಿಯ ಹಗ್ಗ ಹಿಡಿದು ಗೊತ್ತಿಲ್ಲದ ಹುಡುಗರಿಗೂ ಅಲ್ಲಿ ಪಾಠ ಹೇಳಿದರು. ಇಂದಿಗೂ ಆ ದೋಣಿಮನೆಗೆ ಅವರದೇ ಹೆಸರು.

ಕಾಲೇಜು ಪಂದ್ಯಗಳಲ್ಲಿ ಇಂದಿಗೂ ಉಳಿದಿರುವ ಪದ್ಧತಿ ಇದು: ಆತಿಥೇಯ ಕಾಲೇಜೇ ಎಲ್ಲರಿಗೂ ದೋಣಿ ಕೊಡುತ್ತದೆ. ಪಂದ್ಯದಿಂದ ಪಂದ್ಯಕ್ಕೆ ತಂಡಗಳು ದೋಣಿ ಬದಲಿಸಿಕೊಳ್ಳುತ್ತವೆ. ಈ ಸಲ ನಿಮಗೆ ಸಿಕ್ಕ ಹಳೆಯ ಹಾಯಿ ಮುಂದಿನ ಸಲ ನಿಮ್ಮ ಎದುರಾಳಿಯ ಪಾಲಿಗೆ ಬರುತ್ತದೆ. ತಂದೆಯ ಹಣ ಇಲ್ಲಿ ದಡದಲ್ಲೇ ಉಳಿಯಬೇಕು.

ಇಷ್ಟೆಲ್ಲ ಸಮಾನತೆ ತಂದರೂ ಗಾಳಿಯನ್ನು ಸಮಾನಗೊಳಿಸಲು ಯಾರಿಂದಲೂ ಆಗಲಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಕಾಲೇಜುಗಳಲ್ಲಿ ಹೆಚ್ಚಾಗಿ ಬಳಸುವ ದೋಣಿಗಳಲ್ಲಿ ಒಂದಾದ 420ರ ಉದ್ದ 4.20 ಮೀಟರ್, ಅದರ ಹೆಸರೇ ಅದರ ಅಳತೆ. ಅದರಲ್ಲಿ ಇಬ್ಬರೇ. ಚುಕ್ಕಾಣಿಯೂ ದೊಡ್ಡ ಹಾಯಿಯೂ ಒಬ್ಬರ ಕೈಯಲ್ಲಿ, ಮುಂದಿನ ಸಣ್ಣ ಹಾಯಿ ಇನ್ನೊಬ್ಬರ ಕೈಯಲ್ಲಿ. ಗಾಳಿ ಗಂಟೆಗೆ 40 ಕಿಲೋಮೀಟರ್ ದಾಟಿತೆಂದರೆ ಇಬ್ಬರೂ ಕಾಲನ್ನು ಪಟ್ಟಿಗೆ ಸಿಕ್ಕಿಸಿ, ಬೆನ್ನನ್ನು ನೀರಿನ ಮೇಲೆ ಚಾಚಿ, ತಮ್ಮ ಮೈಭಾರದಿಂದಲೇ ದೋಣಿಯನ್ನು ನೆಟ್ಟಗೆ ಹಿಡಿಯಬೇಕು. ತೊಡೆ ನಡುಗುತ್ತದೆ, ಹಗ್ಗಕ್ಕೆ ಅಂಗೈ ಸುಲಿಯುತ್ತದೆ. ನಗರದ ಎತ್ತರದ ಕಟ್ಟಡಗಳ ಸಂದಿಯಿಂದ ಬರುವ ಗಾಳಿಯಂತೂ ನಂಬಿಕೆಗೆ ಯೋಗ್ಯವಲ್ಲ. ಹಗ್ಗ ಸಡಿಲಿಸಲು ಅರೆಕ್ಷಣ ತಡವಾದರೆ ದೋಣಿ ಮಗುಚುತ್ತದೆ. ಅಂಥ ದಿನ ವೇಗವಾಗಿ ಹೋದವರಿಗಿಂತ ಮಗುಚದೆ ಉಳಿದವರೇ ಮುಂದೆ ಬರುವುದುಂಟು.

ಬ್ರಿಟಿಷ್ ನೌಕಾ ಅಧಿಕಾರಿ ಫ್ರಾನ್ಸಿಸ್ ಬ್ಯೂಫೋರ್ಟ್ 1805-06ರ ವೇಳೆಗೆ ಗಾಳಿಗೊಂದು ಮಾಪನ ಪಟ್ಟಿ ಮಾಡಿದರು. ಆ ಪಟ್ಟಿ ಮುಂದೆ ಗಾಳಿಯ ವೇಗವನ್ನು ಲೆಕ್ಕಿಸಲಿಲ್ಲ, ಇಂಥ ಗಾಳಿಯಲ್ಲಿ ಹಡಗು ಎಷ್ಟು ಹಾಯಿ ಬಿಚ್ಚಬಹುದು, ಎಷ್ಟು ಸುತ್ತಿಡಬೇಕು ಎಂದು ಹೇಳಿತು. ಬಿರುಗಾಳಿಯ ಅಳತೆಯೆಂದರೆ ಮನುಷ್ಯ ಎಷ್ಟು ಹಿಂದೆ ಸರಿಯಬೇಕೆಂಬುದರ ಅಳತೆ! ನಮಗೆ ಇದು ತುಂಬ ಹಿಡಿಸಿತು.

ಹಿಂದೆ ಸರಿಯುವುದನ್ನು ನಮ್ಮ ಸಮುದ್ರದ ನಾವಿಕರು ಇದಕ್ಕೂ ಬಹಳ ಮೊದಲೇ ಬಲ್ಲವರಾಗಿದ್ದರು. ಇಂಗ್ಲಿಷಿನ ‘ಮಾನ್ಸೂನ್’ ಎಂಬ ಮಾತು ಅರಬಿಯ ‘ಮೌಸಿಮ್’ನಿಂದ ಬಂದದ್ದು; ಕಾಲ, ಋತು ಎಂದು ಅದರ ಅರ್ಥ. ಇಬ್ನ್ ಮಾಜಿದ್ 1490ರ ಸುಮಾರಿಗೆ ಮುಗಿಸಿದ ನೌಕಾಶಾಸ್ತ್ರದ ಗ್ರಂಥದಲ್ಲಿ ಭಾರತದ ಪಶ್ಚಿಮ ಕರಾವಳಿ ಮಳೆಗಾಲದ ಸುಮಾರು ಮೂರು ತಿಂಗಳು ‘ಮುಚ್ಚಿರುವ’ ಸಂಗತಿ ಬರುತ್ತದೆ. ಹೊನ್ನಾವರ, ಭಟ್ಕಳ, ಮಂಗಳೂರಿನ ಬಂದರುಗಳಿಗೂ ಅದೇ ಲೆಕ್ಕ. ದಡದಲ್ಲಿ ಕುಳಿತ ನಖೂದನನ್ನು ಯಾರೂ ಹೇಡಿ ಎನ್ನುತ್ತಿರಲಿಲ್ಲ. ಆದರೆ ಅವನಿಗೆ ಎದುರಾಳಿ ತಂಡವಿರಲಿಲ್ಲ, ಅಂಕಪಟ್ಟಿಯೂ ಇರಲಿಲ್ಲ.

ಪಂದ್ಯದವರ ಕಷ್ಟ ಇರುವುದು ಇಲ್ಲಿ. ಹೊರಡಬೇಕೋ ಬೇಡವೋ, ಹೊರಟ ಮೇಲೆ ಮುಂದುವರಿಯಬೇಕೋ ಎಂಬ ಹೊಣೆ ಆಯಾ ದೋಣಿಯದೇ ಎಂಬುದು ಹಾಯಿದೋಣಿ ಪಂದ್ಯದ ಮೂಲ ನಿಯಮಗಳಲ್ಲೊಂದು. ಕೇಳಲು ಸರಳ. 1979ರ ಆಗಸ್ಟ್ 11ರಂದು ಇಂಗ್ಲೆಂಡಿನ ಕೌಸ್‌ನಿಂದ ಐರ್ಲೆಂಡಿನ ದಕ್ಷಿಣದ ಫಾಸ್ಟ್‌ನೆಟ್ ಬಂಡೆಯ ಕಡೆಗೆ 303 ದೋಣಿಗಳು ಹೊರಟವು. ಅವು ವಿದ್ಯಾರ್ಥಿಗಳ ಪುಟ್ಟ ದೋಣಿಗಳಲ್ಲ, ತೆರೆದ ಸಮುದ್ರದ ಯಾಟ್‌ಗಳು. ಆಗಸ್ಟ್ 13ರ ರಾತ್ರಿ ಬಿರುಗಾಳಿ ಎರಗಿತು. ಸ್ಪರ್ಧಿಗಳಲ್ಲಿ 15 ಮಂದಿ ಸತ್ತರು. 24 ದೋಣಿಗಳನ್ನು ಅವುಗಳ ಜನ ಬಿಟ್ಟು ಹೋದರು; ಅವುಗಳಲ್ಲಿ ಮುಳುಗಿದ್ದು ಐದು ಮಾತ್ರ, ಉಳಿದವು ಖಾಲಿಯಾಗಿ ತೇಲುತ್ತಿದ್ದವು. ನುರಿತವರೇ ಆ ರಾತ್ರಿ ಕಂಗೆಟ್ಟರೆ ಹತ್ತೊಂಬತ್ತರ ಹುಡುಗಿಯೊಬ್ಬಳು, ಜೊತೆಗಾತಿ ಪಕ್ಕದಲ್ಲಿ, ತರಬೇತುದಾರ ಹತ್ತಿರದಲ್ಲೇ ಇರುವಾಗ, ‘ನನ್ನಿಂದಾಗದು’ ಎಂದು ಹೇಗೆ ಹೇಳಿಯಾಳು? ನಿಯಮ ಕೊಟ್ಟ ಸ್ವಾತಂತ್ರ್ಯವನ್ನು ತಂಡದ ಮಾನ ಕಿತ್ತುಕೊಳ್ಳುತ್ತದೆ.

ಆದ್ದರಿಂದಲೇ ಆ ಹೊಣೆಯ ದೊಡ್ಡ ಪಾಲನ್ನು ಪಂದ್ಯದ ಸಮಿತಿ ಹೊರಬೇಕು. ಜೀವರಕ್ಷಕ ಅಂಗಿ, ತಣ್ಣೀರಿಗೆ ತಕ್ಕ ಉಡುಪು, ಸುತ್ತ ಮೋಟಾರು ದೋಣಿಗಳು, ಇವೆಲ್ಲ ಸರಿ. ಅದಕ್ಕಿಂತ ದೊಡ್ಡದು ಕೆಂಪು-ಬಿಳಿ ಅಡ್ಡಗಲದ ಪಟ್ಟೆಗಳಲ್ಲದ, ಉದ್ದುದ್ದ ಪಟ್ಟೆಗಳ ಒಂದು ಧ್ವಜ. ಅದು ಏರಿದರೆ ಇನ್ನೂ ಶುರುವಾಗದ ಪಂದ್ಯ ಮುಂದಕ್ಕೆ ಹೋಯಿತೆಂದು ಅರ್ಥ. ಆಗ ಯಾರೂ ಯಾರ ಮುಂದೆಯೂ ಸೋಲೊಪ್ಪಬೇಕಿಲ್ಲ. ಹಾಯಿ ಇಳಿಸಿ, ದೋಣಿ ಕಟ್ಟಿ, ಎಲ್ಲರೂ ದಡದಲ್ಲಿ ಕುಳಿತು ನೀರಿನ ಮೇಲಿನ ಬಿಳಿ ನೊರೆಯನ್ನು ನೋಡುತ್ತಾರೆ. ಧ್ವಜ ಇಳಿದ ಒಂದು ನಿಮಿಷಕ್ಕೆ ಮುಂದಿನ ಪಂದ್ಯದ ಎಚ್ಚರಿಕೆಯ ಸದ್ದು.