ಹರಿವಾಣದ ಹಾಡು ಹಾಡಿದವರು

ಅರಬೀ ಸಂಗೀತ ಎಂದೊಡನೆ ನಮ್ಮಲ್ಲಿ ಬಲ್ಲವರ ಬಾಯಿಗೆ ಮೊದಲು ಬರುವ ಹೆಸರು ಈಜಿಪ್ಟಿನ ಉಮ್ಮು ಕುಲ್ಸೂಮ್. 1960ರ ದಶಕದಲ್ಲಿ ಮೊರೊಕ್ಕೊದ ಸ್ಥಿತಿಯೂ ಹೆಚ್ಚುಕಮ್ಮಿ ಹೀಗೆಯೇ ಇತ್ತು. ರೇಡಿಯೋದ ಕಿವಿ ತಿರುಚಿದರೆ ಕೈರೋದ ಹಾಡು. ಮೊರೊಕ್ಕೊದ ಸ್ವಂತ ಗಾಯಕರೂ ಸೂಟು ತೊಟ್ಟು, ಬೆನ್ನ ಹಿಂದೆ ಪಿಟೀಲುಗಾರರ ಸಾಲನ್ನು ಕೂರಿಸಿಕೊಂಡು, ಕೈರೋದ ಧಾಟಿಯಲ್ಲೇ ವಿರಹದ ಗೀತೆಗಳನ್ನು ಹಾಡುತ್ತಿದ್ದರು. ಆ ನೆಲದ್ದೇ ಆದ ಹಾಡುಗಳಿಗೆ ಮದುವೆಯ ಅಂಗಳ, ಸಂತರ ಸಮಾಧಿಗಳ ಜಾತ್ರೆ, ಸಂತೆಯ ಮೂಲೆ ಇಷ್ಟೇ ಜಾಗ. ವಿದ್ಯಾವಂತರು ಅವನ್ನು ಸಂಗೀತವೆಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಈ ಏರ್ಪಾಡನ್ನು ತಲೆಕೆಳಗು ಮಾಡಿದ್ದು ಕಾಸಾಬ್ಲಾಂಕಾ ನಗರದ ಕೂಲಿಕಾರರ ಬಡಾವಣೆಯೊಂದರ ಕೆಲವು ಯುವಕರು. 1970ರ ದಶಕದ ಆರಂಭದಲ್ಲಿ ಅವರು ಕಟ್ಟಿಕೊಂಡ ತಂಡದ ಹೆಸರು ನಾಸ್ ಅಲ್ ಗಿವಾನ್. ಊರಿಂದೂರಿಗೆ ಅಲೆಯುತ್ತಾ, ಕಂಡದ್ದನ್ನು ಹಾಡಾಗಿಸಿ ಹೊಟ್ಟೆ ಹೊರೆಯುತ್ತಿದ್ದ ಹಳೆಯ ಕಾಲದ ದರ್ವೇಶಿ ಹಾಡುಗಾರರನ್ನು ನೆನಪಿಸುವ ಹೆಸರು ಅದು.

ಬಡಾವಣೆಯ ಕಥೆಯನ್ನು ಮೊದಲು ಹೇಳಬೇಕು. ಅದಿಲ್ಲದೆ ಈ ತಂಡ ಅರ್ಥವಾಗುವುದಿಲ್ಲ. ಹೈ ಮುಹಮ್ಮದಿ ಎಂಬುದು ಅದರ ಇಂದಿನ ಹೆಸರು. ಫ್ರೆಂಚರ ಆಳ್ವಿಕೆಯಲ್ಲಿ ಕಲ್ಲುಕ್ವಾರಿಗಳಿಂದಾಗಿ 'ಕಾರಿಯೇರ್ ಸಾಂತ್ರಾಲ್' ಎನ್ನುತ್ತಿದ್ದರು. ಕಾರ್ಖಾನೆಗಳ ಕೆಲಸಕ್ಕೆಂದು ಹಳ್ಳಿಗಳಿಂದ ಬಂದವರು ತಗಡು ಬಡಿದು ಕಟ್ಟಿಕೊಂಡ ಗುಡಿಸಲುಗಳ ಊರು. ಇಂತಹ ಕೊಳೆಗೇರಿಗೆ ಫ್ರೆಂಚಿನಲ್ಲಿ 'ಬಿದೋನ್‌ವಿಲ್', ಅಂದರೆ ಡಬ್ಬಿಗಳ ಊರು ಎಂಬ ಶಬ್ದವೇ ಇದೆ. ಅದು ಉತ್ತರ ಆಫ್ರಿಕಾದಲ್ಲೇ ಹುಟ್ಟಿದ್ದು. 1952ರ ಡಿಸೆಂಬರಿನಲ್ಲಿ ಟ್ಯುನೀಸಿಯಾದ ಕಾರ್ಮಿಕ ನಾಯಕ ಫರ್ಹಾತ್ ಹಷ್ಶಾದ್ ಹತ್ಯೆಯಾದಾಗ ಅದನ್ನು ಪ್ರತಿಭಟಿಸಿ ಬೀದಿಗಿಳಿದು ಫ್ರೆಂಚ್ ಗುಂಡುಗಳಿಗೆ ಎದೆಯೊಡ್ಡಿದ್ದು ಇದೇ ಜನ. 1956ರಲ್ಲಿ ದೇಶ ಸ್ವತಂತ್ರವಾಯಿತು. ಬಡಾವಣೆಗೆ ದೊರೆ ಐದನೇ ಮುಹಮ್ಮದರ ಹೆಸರು ಬಂತು. ಗುಡಿಸಲುಗಳು ಹಾಗೆಯೇ ಉಳಿದವು.

ಆ ಗುಡಿಸಲುಗಳಲ್ಲಿ ಇಡೀ ಮೊರೊಕ್ಕೊ ಇತ್ತು. ದಕ್ಷಿಣದ ಮರುಭೂಮಿಯಂಚಿನವರು, ಸೂಸ್ ಸೀಮೆಯ ಅಮಾಝಿಗ್ ಭಾಷಿಕರು, ಶಾವಿಯಾ ಬಯಲಿನ ರೈತಾಪಿ ಜನ ಎಲ್ಲರೂ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿದವರು. ಒಂದು ಮನೆಯಲ್ಲಿ ಮದುವೆಯಾದರೆ ಶಾವಿಯಾದ 'ಐತಾ' ಹಾಡು, ಪಕ್ಕದ ಓಣಿಯಲ್ಲಿ ಈಸಾವಾ ಅಥವಾ ಹಮಾದ್ಶಾ ಸೂಫಿ ಪಂಥದವರ ದ್ಸಿಕ್ರ್, ಮತ್ತೊಂದೆಡೆ ಗ್ನಾವಾ ಜನರ ರಾತ್ರಿಯಿಡೀ ನಡೆಯುವ ಹಾಡುಗಾರಿಕೆ. ಬಾಲ್ಯದಲ್ಲಿ ಇವೆಲ್ಲವೂ ಒಟ್ಟಿಗೇ ಕಿವಿಗೆ ಬಿದ್ದವರು ಮುಂದೆ ಇವೆಲ್ಲವನ್ನೂ ಒಂದೇ ಹಾಡಿನಲ್ಲಿ ಬೆರೆಸಿದ್ದರಲ್ಲಿ ಆಶ್ಚರ್ಯವೇನಿದೆ? ಇಂದು 'ಫ್ಯೂಷನ್' ಎಂದು ಮಾರಾಟವಾಗುವ ಸರಕು ಸ್ಟುಡಿಯೋಗಳಲ್ಲಿ ಯೋಜನೆ ಹಾಕಿ ತಯಾರಾಗುವಂಥದ್ದು. ಇದಾದರೋ ಓಣಿಯ ನೆರೆಹೊರೆಯೇ ಮಾಡಿಕೊಟ್ಟ ಮಿಶ್ರಣ.

ಬೂಜಮಾ, ಅರಬೀ ಬಾತ್ಮಾ, ಉಮರ್ ಸಯ್ಯಿದ್ ಈ ಮೂವರು ಸಂಗೀತ ಶಾಲೆಯಿಂದ ಬಂದವರಲ್ಲ, ನಾಟಕದಿಂದ ಬಂದವರು. ಮೊರೊಕ್ಕೊದ ದೊಡ್ಡ ರಂಗಕರ್ಮಿ ತಯ್ಯಿಬ್ ಸದ್ದೀಖಿಯವರ ತಂಡದಲ್ಲಿ ನಟಿಸುತ್ತಾ ಹಾಡುತ್ತಾ ಇದ್ದರು. ಯುರೋಪಿನ ನಾಟಕಗಳನ್ನು ಚೆನ್ನಾಗಿ ಬಲ್ಲ ಸದ್ದೀಖಿ, ಸಂತೆಯಲ್ಲಿ ಜನ ಸುತ್ತ ನಿಂತು ನೋಡುವ 'ಹಲ್ಖಾ' ಎಂಬ ಬಯಲು ಪ್ರದರ್ಶನವನ್ನೇ ರಂಗಕ್ಕೆ ತಂದರು. 16ನೇ ಶತಮಾನದ ಅಲೆಮಾರಿ ಅನುಭಾವಿ ಸೀದಿ ಅಬ್ದುರ್ರಹ್ಮಾನ್ ಅಲ್ ಮಜ್ದೂಬ್‌ರ ಪದಗಳನ್ನು ಆಧರಿಸಿ ನಾಟಕ ಕಟ್ಟಿದರು. ಹಳೆಯದರೊಳಗೆ ಹೊಸದನ್ನು ಹೇಳುವ ವಿದ್ಯೆಯನ್ನು ಯುವಕರು ಕಲಿತದ್ದು ಅಲ್ಲಿಯೇ.

ಅವರ ಜತೆ ಬ್ಯಾಂಜೋ ಹಿಡಿದು ಅಲ್ಲಾಲ್ ಯಅಲಾ ಸೇರಿದರು. ಮರಾಕಿಷ್‌ನ ಅಬ್ದುಲ್ ಅಝೀಝ್ ತಾಹಿರಿ ಸೆಂತೀರ್ ತಂದರು. ಬಾತ್ಮಾರ ಎದುರು ಮಣ್ಣಿನ ಜೋಡಿ ಡೋಲು, ಉಮರ್ ಸಯ್ಯಿದರ ಕೈಯಲ್ಲಿ ನಮ್ಮ ದಫ್‌ನ ದೊಡ್ಡಣ್ಣನಂತಿರುವ ಬೆಂದೀರ್. ಪಿಟೀಲಿಲ್ಲ, ಸೂಟಿಲ್ಲ, ಹಿಂದೆ ಕೂರುವ ವಾದ್ಯಗಾರರೂ ಇಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ, ಎಲ್ಲರೂ ಹಾಡುವವರು, ಎಲ್ಲರೂ ಬಾರಿಸುವವರು.

ಸೆಂತೀರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಒಂಟೆಯ ಚರ್ಮ ಹೊದಿಸಿದ, ಮೂರು ತಂತಿಗಳ, ಎದೆಯೊಳಗೆ ಗುಂಯ್ಗುಡುವ ಮಂದ್ರದ ವಾದ್ಯವಿದು. ಗ್ನಾವಾ ಜನರದ್ದು. ಸಹಾರಾದಾಚೆಯ ಕಪ್ಪು ಆಫ್ರಿಕಾದಿಂದ ಗುಲಾಮರಾಗಿ ಎಳೆದು ತರಲ್ಪಟ್ಟವರ ಸಂತತಿ ಗ್ನಾವಾಗಳು. ತಮ್ಮ ಆಧ್ಯಾತ್ಮಿಕ ಮೂಲಪುರುಷರೆಂದು ಅವರು ಭಾವಿಸುವುದು ಹಝ್ರತ್ ಬಿಲಾಲರನ್ನು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಇಸ್ಲಾಮಿನ ಮೊದಲ ಮುಅದ್ಸಿನ್ ಆದ ಬಿಲಾಲರಲ್ಲದೆ ಆ ಜನಕ್ಕೆ ಇನ್ನಾರು ಹತ್ತಿರವಾಗಬಲ್ಲರು? ಸಮಾಜದ ತೀರಾ ಕೆಳಗಿನ ಮೆಟ್ಟಿಲಿನವರ ಈ ವಾದ್ಯವನ್ನು ನಗರದ ರಂಗಮಂದಿರದ ನಡುವೆ ಇರಿಸಿದ್ದೇ, ಒಂದು ಪದ ಹಾಡುವುದಕ್ಕೂ ಮೊದಲು, ಈ ತಂಡ ಹೇಳಿದ ಮೊದಲ ರಾಜಕೀಯ ಮಾತು. ಇನ್ನು ಬ್ಯಾಂಜೋ. ಅದರ ಪೂರ್ವಜ ವಾದ್ಯವೂ ಗುಲಾಮರೊಂದಿಗೆ ಪಶ್ಚಿಮ ಆಫ್ರಿಕಾದಿಂದ ಅಮೆರಿಕಕ್ಕೆ ಹಡಗೇರಿತ್ತು. ರೂಪ ಬದಲಿಸಿಕೊಂಡು ಮರಳಿ ಬಂದು ಕಾಸಾಬ್ಲಾಂಕಾದಲ್ಲಿ ಸೆಂತೀರಿನ ಪಕ್ಕ ಕುಳಿತದ್ದು ಇತಿಹಾಸದ ವಿಚಿತ್ರ.

ವಾದ್ಯಗಳ ಬಗ್ಗೆ, ಹಾಡು ಕೇಳುತ್ತಾ ಮೈಮರೆಯುವ 'ಹಾಲ್' ಎಂಬ ಸ್ಥಿತಿಯ ಬಗ್ಗೆ ವಿದ್ವಾಂಸರ ಭಿನ್ನಾಭಿಪ್ರಾಯ ಇಂದು ನಿನ್ನೆಯದಲ್ಲ. ಇಮಾಮ್ ಗಝಾಲಿಯವರು 'ಇಹ್ಯಾ'ದಲ್ಲಿ ಇದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು ಚರ್ಚಿಸಿದ್ದಾರೆ. ಆ ಚರ್ಚೆಯನ್ನು ಇಲ್ಲಿ ಬಗೆಹರಿಸುವ ಉದ್ದೇಶ ನನಗಿಲ್ಲ. ಆದರೆ ಒಂದನ್ನು ಗಮನಿಸಬೇಕು: ಸಲಾತ್, ಸಲಾಮ್, ಪ್ರವಾದಿ ಪ್ರೇಮ, ಅಲ್ಲಾಹನಲ್ಲಿ ಮೊರೆ ಇವೆಲ್ಲ ನಾಸ್ ಅಲ್ ಗಿವಾನ್ ಹಾಡುಗಳಲ್ಲಿ ಅಲಂಕಾರಕ್ಕೆ ಬಂದವಲ್ಲ. ಅವರಿಗೂ ಅವರ ಕೇಳುಗರಿಗೂ ದುಃಖ ತೋಡಿಕೊಳ್ಳಲು ಗೊತ್ತಿದ್ದ ಭಾಷೆಯೇ ಅದಾಗಿತ್ತು.

ದುಃಖಕ್ಕೆ ಕಾರಣಗಳು ಬೇಕಾದಷ್ಟಿದ್ದವು. 1965ರ ಮಾರ್ಚಿನಲ್ಲಿ ಕಾಸಾಬ್ಲಾಂಕಾದ ವಿದ್ಯಾರ್ಥಿಗಳು ಬೀದಿಗಿಳಿದಾಗ ಸೇನೆ ಗುಂಡು ಹಾರಿಸಿತು. ಅದೇ ವರ್ಷ ದೊರೆ ಎರಡನೇ ಹಸನ್ ತುರ್ತು ಪರಿಸ್ಥಿತಿ ಹೇರಿದರು. ಅಕ್ಟೋಬರಿನಲ್ಲಿ ವಿರೋಧಪಕ್ಷದ ನಾಯಕ ಮಹ್ದಿ ಬಿನ್ ಬರಕಾ ಪ್ಯಾರಿಸಿನ ಬೀದಿಯಿಂದ ಕಾಣೆಯಾದರು; ಅವರ ದೇಹವೂ ಸಿಗಲಿಲ್ಲ. 1971 ಮತ್ತು 1972ರಲ್ಲಿ ಎರಡು ಸೇನಾ ದಂಗೆಗಳು ವಿಫಲವಾದ ಮೇಲಂತೂ ಅನುಮಾನ ಬಂದವರನ್ನೆಲ್ಲ ಎತ್ತಿಕೊಂಡು ಹೋಗುವ ಕಾಲ ಬಂತು. ಮೊರೊಕ್ಕೊದ ಜನ ಇದನ್ನು 'ಸೀಸದ ವರ್ಷಗಳು' ಎನ್ನುತ್ತಾರೆ. ಕಣ್ಣಿಗೆ ಪಟ್ಟಿ ಕಟ್ಟಿ ತಿಂಗಳುಗಟ್ಟಲೆ ಕೈದಿಗಳನ್ನು ಇರಿಸುತ್ತಿದ್ದ ಅತ್ಯಂತ ಕುಖ್ಯಾತ ರಹಸ್ಯ ಬಂಧೀಖಾನೆಗಳಲ್ಲೊಂದು, ದರ್ಬ್ ಮೌಲಾಯ್ ಶರೀಫ್, ಇದ್ದದ್ದೂ ಹೈ ಮುಹಮ್ಮದಿಯಲ್ಲೇ. ಒಂದೇ ಬಡಾವಣೆಯಲ್ಲಿ ದೇಶ ಹಾಡುವ ಹಾಡೂ ಹುಟ್ಟುತ್ತಿತ್ತು, ದೇಶ ಕೇಳಬಾರದ ಕೂಗೂ ಹುಟ್ಟುತ್ತಿತ್ತು.

ಇಂತಹ ಹೊತ್ತಿನಲ್ಲಿ ಬಂದದ್ದು 'ಸೀನಿಯಾ'. ಸೀನಿಯಾ ಎಂದರೆ ಪುದೀನ ಚಹಾದ ಲೋಟಗಳನ್ನಿಡುವ ದುಂಡನೆಯ ಹರಿವಾಣ. ಪ್ರತಿ ಮನೆಯಲ್ಲೂ ಇರುವ ಸಾಮಾನು. ಈ ಹರಿವಾಣವನ್ನು ಕುರಿತು ಹಾಡುವವನು, ಹಿಂದೆ ಅದರ ಸುತ್ತ ಕೂಡುತ್ತಿದ್ದವರನ್ನು ನೆನೆದು ಮರುಗುತ್ತಾನೆ. ಮೇಲ್ನೋಟಕ್ಕೆ ಇಷ್ಟೇ. ಹಳ್ಳಿ ಬಿಟ್ಟು ಬಂದವನಿಗೆ ಅದು ಬಿಟ್ಟುಬಂದ ಮನೆಮಂದಿಯ ಹಾಡು. ಮಗ ರಾತ್ರೋರಾತ್ರಿ ಕಾಣೆಯಾದ ತಾಯಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮತ್ತೊಂದು ಹಾಡಿನ ಹೆಸರೇ 'ನನ್ನನ್ನೆಲ್ಲಿಗೆ ಕರೆದೊಯ್ಯುತ್ತಿರುವೆ, ಸೋದರಾ' ಎಂದು. ಯಾವ ಪೊಲೀಸ್ ಅಧಿಕಾರಿ ಇದರಲ್ಲಿ ರಾಜದ್ರೋಹವನ್ನು ಹುಡುಕಿ ತೋರಿಸಿಯಾನು? ಗುಡಿಸಲು, ಕೋಳಿಯಂಥ ಸಾಮಾನ್ಯ ಸಂಗತಿಗಳಲ್ಲೇ ಗೂಢಾರ್ಥ ತುಂಬಿದ ಶಿಶುನಾಳ ಶರೀಫರ ತತ್ವಪದಗಳನ್ನು ಕೇಳಿ ಬೆಳೆದ ನಮಗೆ ಈ ಬಗೆ ಹೊಸದೇನಲ್ಲ.

ಇದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಬೇಕು. ಕವಿ ಅಬ್ದುಲ್ಲತೀಫ್ ಲಅಬಿ 1966ರಲ್ಲಿ 'ಸೂಫ್ಲ್' ಎಂಬ ಪತ್ರಿಕೆ ಆರಂಭಿಸಿದರು. ಹೊಸ ಸಾಹಿತ್ಯ, ಹೊಸ ರಾಜಕೀಯ ಎರಡನ್ನೂ ಅದು ನೇರ ಮಾತಿನಲ್ಲಿ ಹೇಳಿತು, ಬಹುಪಾಲು ಫ್ರೆಂಚಿನಲ್ಲಿ. 1972ರಲ್ಲಿ ಪತ್ರಿಕೆ ನಿಂತಿತು. ಲಅಬಿ ಜೈಲು ಸೇರಿ ಹೊರಬಂದದ್ದು 1980ರಲ್ಲಿ. ಅದೇ ವರ್ಷಗಳಲ್ಲಿ ಓಣಿಯ ಆಡುಮಾತಾದ ದಾರಿಜಾದಲ್ಲಿ ಹಾಡುತ್ತಿದ್ದವರು ಸಭಾಂಗಣ ತುಂಬಿಸುತ್ತಿದ್ದರು, ಅವರ ಕ್ಯಾಸೆಟ್ಟುಗಳು ಅಂಗಡಿ ಅಂಗಡಿಯಲ್ಲಿ ಮೊಳಗುತ್ತಿದ್ದವು. ಧೈರ್ಯ ಯಾರದು ದೊಡ್ಡದು ಎಂದು ತೂಗುವುದಾದರೆ ಲಅಬಿಯವರದೇ. ಆದರೆ ಓದು ಬಾರದ ಕೂಲಿಯಾಳಿಗೆ ತನ್ನ ಸಂಕಟಕ್ಕೆ ಮಾತು ದೊರಕಿದ್ದು ಹಾಡಿನಿಂದ.

ತಂಡದ ನಡುಗಂಬದಂತಿದ್ದ ಬೂಜಮಾ 1974ರ ಅಕ್ಟೋಬರಿನಲ್ಲಿ, ಮೂವತ್ತರ ಹರೆಯದಲ್ಲಿ ಹಠಾತ್ತಾಗಿ ತೀರಿಕೊಂಡರು. ಸಾವಿನ ಬಗ್ಗೆ ಜನರ ನಡುವೆ ನೂರು ಮಾತು ಹರಿದಾಡಿದವು, ಕಾಲವೇ ಹಾಗಿತ್ತು. ತಾಹಿರಿ ಅದಾಗಲೇ ತಂಡ ಬಿಟ್ಟು ಮರಾಕಿಷ್‌ನ 'ಜೀಲ್ ಜಿಲಾಲಾ' ಸೇರಿದ್ದರು. ಆ ತಂಡದಿಂದ ಇತ್ತ ಬಂದವರು ಅಬ್ದುರ್ರಹ್ಮಾನ್ ಪಾಕೊ. ಸಮುದ್ರತೀರದ ಸ್ವೀರಾ ಪಟ್ಟಣದ ಗ್ನಾವಾ ಪರಂಪರೆಯ ಉಸ್ತಾದ. ಪಾಕೊ ಬಂದ ಮೇಲೆ ಸೆಂತೀರಿನ ದನಿ ಇನ್ನಷ್ಟು ಆಳಕ್ಕಿಳಿಯಿತು.

ಈ ಕಾಲದ ತಂಡವನ್ನು ನಾವಿಂದು ಕಣ್ಣಾರೆ ನೋಡಬಹುದಾದರೆ ಅದಕ್ಕೆ ನಿರ್ದೇಶಕ ಅಹ್ಮದ್ ಅಲ್ ಮಅನೂನಿಯವರಿಗೆ ಕೃತಜ್ಞರಾಗಿರಬೇಕು. 1981ರ ಅವರ ಚಿತ್ರ 'ಅಲ್ ಹಾಲ್' ತಂಡದ ಬೆನ್ನು ಹಿಡಿದು ಸಾಗುತ್ತದೆ. ಟ್ಯುನೀಸಿಯಾದ ಕಾರ್ಥೇಜ್‌ನಲ್ಲಿ, ಅಗಾದಿರ್‌ನಲ್ಲಿ ಸಾವಿರಾರು ಜನರೆದುರು ನಡೆದ ಕಾರ್ಯಕ್ರಮಗಳಲ್ಲಿ ಕ್ಯಾಮರಾ ಹಾಡುವವರಷ್ಟೇ ಕೇಳುವವರನ್ನೂ ನೋಡುತ್ತದೆ. ಯುವಕರು ಮೈಮೇಲೆ ಬಂದವರಂತೆ ತಲೆ ಕೊಡವುತ್ತಾರೆ, ವೇದಿಕೆಗೆ ನುಗ್ಗುತ್ತಾರೆ, ಕಾವಲಿನವರು ಅವರನ್ನು ಹೊತ್ತು ಆಚೆ ಸಾಗಿಸುತ್ತಾರೆ. ಸಭೆ ಸೇರುವುದೇ ಅಪರಾಧವಾಗಿದ್ದ ನಾಡಿನಲ್ಲಿ ಇಷ್ಟು ಜನ ಒಟ್ಟಿಗೆ ಒಂದೇ ತಾಳಕ್ಕೆ ಚಪ್ಪಾಳೆ ತಟ್ಟಬಹುದಾಗಿದ್ದ ಜಾಗ ಅದೊಂದೇ ಏನೋ. ಕ್ಯಾಸೆಟ್ಟಿನಲ್ಲಿ ಕೇಳಿದವರಿಗೆ ಈ ತಂಡ ಅರ್ಧ ಮಾತ್ರ ದಕ್ಕುತ್ತದೆ. ಉಳಿದರ್ಧವನ್ನು ಹಾಡುತ್ತಿದ್ದವರು ಕೇಳುಗರು. ನ್ಯೂಯಾರ್ಕಿನಲ್ಲಿ ರಾತ್ರಿ ಟಿ.ವಿ.ಯಲ್ಲಿ ಈ ಚಿತ್ರವನ್ನು ಕಂಡ ಮಾರ್ಟಿನ್ ಸ್ಕಾರ್ಸೆಸಿ ಅದನ್ನು ಮರೆಯಲಿಲ್ಲ. ಹಳೆಯ ಚಿತ್ರಗಳ ರಕ್ಷಣೆಗೆ 2007ರಲ್ಲಿ ಸಂಸ್ಥೆ ಕಟ್ಟಿದಾಗ ಮೊದಲು ದುರಸ್ತಿ ಮಾಡಿಸಿದ್ದು ಇದನ್ನೇ. 'ಆಫ್ರಿಕಾದ ರೋಲಿಂಗ್ ಸ್ಟೋನ್ಸ್' ಎಂಬ ಬಿರುದೂ ಅಂಟಿಕೊಂಡಿತು. ಪೂರ್ವದವರ ಯಾವ ಸಾಧನೆಗೂ ಪಶ್ಚಿಮದ ಹೆಸರೊಂದರ ಸೀಲು ಬೀಳದೆ ನಮಗೇ ಸಮಾಧಾನವಿಲ್ಲ!

ಚಿತ್ರ ಬಂದ ವರ್ಷವೇ, 1981ರ ಜೂನ್ 20ರಂದು, ಆಹಾರದ ಬೆಲೆಯೇರಿಕೆಯ ವಿರುದ್ಧ ಕಾಸಾಬ್ಲಾಂಕಾ ಹೊತ್ತಿ ಉರಿಯಿತು. ಸತ್ತವರು 66 ಎಂದಿತು ಸರಕಾರ. ನೂರಾರು ಎಂದರು ವಿರೋಧಪಕ್ಷದವರು. ಹಲವು ಮನೆಗಳಿಗೆ ಶವಗಳೇ ಮರಳಲಿಲ್ಲ. 24 ವರ್ಷಗಳ ನಂತರ, 2005ರಲ್ಲಿ, ಸತ್ಯಶೋಧನೆಗೆ ನೇಮಕವಾದ ಆಯೋಗದ ಕೆಲಸದ ಅಂಗವಾಗಿ ಸಾಮೂಹಿಕ ಗೋರಿಯೊಂದು ಪತ್ತೆಯಾಯಿತು. ಎಪ್ಪತ್ತಕ್ಕೂ ಹೆಚ್ಚು ಮಂದಿಯ ಅವಶೇಷಗಳಿದ್ದ ಆ ಗೋರಿ ಇದ್ದದ್ದು ಹೈ ಮುಹಮ್ಮದಿಯ ಅಗ್ನಿಶಾಮಕ ಠಾಣೆಯ ಆವರಣದಲ್ಲಿ. ಹರಿವಾಣದ ಸುತ್ತ ಕೂಡುತ್ತಿದ್ದವರನ್ನು ನೆನೆದು ಹಾಡುತ್ತಿದ್ದ ಬೀದಿಗಳ ಮಗ್ಗುಲಲ್ಲೇ ಅವರಲ್ಲಿ ಕೆಲವರನ್ನು ಹೂಳಲಾಗಿತ್ತು.

1982ರ ಸೆಪ್ಟೆಂಬರಿನಲ್ಲಿ ಬೈರೂತಿನ ಸಬ್ರಾ ಮತ್ತು ಶತೀಲಾ ಶಿಬಿರಗಳಲ್ಲಿ ಫೆಲೆಸ್ತೀನಿ ನಿರಾಶ್ರಿತರ ಕಗ್ಗೊಲೆ ನಡೆದಾಗ ತಂಡ ಅದೇ ಹೆಸರಿನ ಹಾಡು ಹಾಡಿತು. ಇಲ್ಲಿ ಒಗಟಿಲ್ಲ, ಹರಿವಾಣವಿಲ್ಲ. ಊರಿನ ಹೆಸರನ್ನೇ ಹಿಡಿದು ಕೂಗಿದ ಹಾಡು. ಇದನ್ನು ಮೆಚ್ಚುತ್ತಲೇ ಒಂದು ಪ್ರಶ್ನೆ ಕೇಳದಿರಲಾಗದು. ಬೈರೂತಿನ ಬಗ್ಗೆ ನೇರವಾಗಿ ಹಾಡಿದವರು ಕಾಸಾಬ್ಲಾಂಕಾದ ಬಗ್ಗೆ ಏಕೆ ಒಗಟಿನಲ್ಲೇ ಉಳಿದರು? ಉತ್ತರ ಎಲ್ಲರಿಗೂ ಗೊತ್ತಿರುವಂಥದ್ದೇ. ಒಗಟು ಅವರನ್ನು ಕಾಪಾಡಿತು, ಹಾಡನ್ನೂ ಕಾಪಾಡಿತು. ಆದರೆ ಬಿಡಿಸದ ಒಗಟಿಗೆ ಯಾರು ಬೇಕಾದರೂ ತಮಗೆ ಬೇಕಾದ ಅರ್ಥ ಹಚ್ಚಬಹುದು, ಆಳುವವರೂ ಸಹ. ಪಶ್ಚಿಮ ಸಹಾರಾವನ್ನು ಸೇರಿಸಿಕೊಳ್ಳಲು ದೊರೆ 1975ರ ನವೆಂಬರಿನಲ್ಲಿ ಮೂರೂವರೆ ಲಕ್ಷ ಜನರ 'ಹಸಿರು ನಡಿಗೆ' ನಡೆಸಿದಾಗ ಸೋದರ ತಂಡ ಜೀಲ್ ಜಿಲಾಲಾದ ಹಾಡೇ ಅದರ ಘೋಷಗೀತೆಯಾಯಿತು. ಬಂಡಾಯದ ತಾಳ ಮೆರವಣಿಗೆಯ ತಾಳವಾಗಲು ಹೆಚ್ಚು ಸಮಯ ಬೇಕಾಗಲಿಲ್ಲ. ನಾಸ್ ಅಲ್ ಗಿವಾನ್ ಕೂಡ ಬರಬರುತ್ತಾ ಸರಕಾರಿ ಉತ್ಸವಗಳ ಗೌರವಾನ್ವಿತ ಅತಿಥಿಯಾಯಿತು.

ಅರಬೀ ಬಾತ್ಮಾ ಕ್ಯಾನ್ಸರಿನೊಂದಿಗೆ ಹೋರಾಡುತ್ತಲೇ 'ಅರ್ರಹೀಲ್' ಎಂಬ ಆತ್ಮಕಥನ ಬರೆದರು. 1995ರಲ್ಲಿ ಅದು ಪ್ರಕಟವಾಯಿತು. 1997ರ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ ಎರಡನೆಯ ಭಾಗ 'ಅಲ್ ಅಲಮ್' ಬಂತು. ಅವರ ತಮ್ಮಂದಿರಾದ ರಶೀದ್ ಮತ್ತು ಹಮೀದ್ ತಂಡ ಸೇರಿ ಅಣ್ಣನ ಹಾಡುಗಳನ್ನು ಹಾಡಿದರು. ಪಾಕೊ 2012ರಲ್ಲಿ ಹೋದರು. ಒಂದು ಕಾಲದಲ್ಲಿ ಭಿಕ್ಷುಕರ ಸಂಗೀತವೆನಿಸಿಕೊಂಡಿದ್ದ ಗ್ನಾವಾವನ್ನು ಯುನೆಸ್ಕೊ 2019ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಪಾಕೊ ತೀರಿಕೊಂಡ ಅದೇ 2012ರಲ್ಲಿ ಕಾಸಾಬ್ಲಾಂಕಾದ ಇನ್ನೊಂದು ಬಡ ಬಡಾವಣೆಯ ಯುವಕ ಮುಆದ್ ಬಲ್ಘವಾತ್‌ಗೆ ನ್ಯಾಯಾಲಯ ಒಂದು ವರ್ಷದ ಸಜೆ ವಿಧಿಸಿತು. ಅವರು ರ‍್ಯಾಪ್ ಹಾಡುವವರು, ದಾರಿಜಾದಲ್ಲೇ. ಪೊಲೀಸರ ಭ್ರಷ್ಟಾಚಾರದ ಬಗ್ಗೆ ಹಾಡಿದ್ದರು. ಅವರ ಹಾಡಿನಲ್ಲಿ ಹರಿವಾಣವಾಗಲಿ, ಕೇಳುಗರು ತಾವೇ ಬಿಡಿಸಿಕೊಳ್ಳಬೇಕಾದ ಒಗಟಾಗಲಿ ಇರಲಿಲ್ಲ.