ಮನೆ ಸ್ವಂತದ್ದು, ಹೊರನೋಟ ಸಂಘದ್ದು: ಅಮೆರಿಕದ ಮನೆಮಾಲೀಕರ ಸಂಘಗಳ ನಿಯಮಗಳು

ಊರಿನಲ್ಲಿ ಮನೆ ಕಟ್ಟುವವರು ಪಂಚಾಯತಿಯ ಪರವಾನಗಿ ಪಡೆದರೆ ಸಾಕು. ಗೋಡೆಗೆ ನೀಲಿ ಬಳಿಯಬೇಕೋ ಹಳದಿಯೋ, ಅಂಗಳದಲ್ಲಿ ಬದನೆ ಹಾಕಬೇಕೋ ಮಲ್ಲಿಗೆಯೋ ಎಂಬುದು ಮನೆಯವರ ಇಷ್ಟ. ಹೀಗಿರುವಾಗ ಅಮೆರಿಕದಲ್ಲಿ ಮನೆ ಕೊಂಡ ಮಗ ಅಥವಾ ಮಗಳು, ಬಾಗಿಲಿಗೆ ಬಣ್ಣ ಬಳಿಯಲು ಅನುಮತಿಗೆ ಕಾಯುತ್ತಿದ್ದೇವೆ ಎಂದರೆ ಹಿರಿಯರಿಗೆ ಆಶ್ಚರ್ಯವಾಗುವುದು ಸಹಜ. ಅಲ್ಲಿ ಈ ಅನುಮತಿ ಕೊಡುವುದು ಸರ್ಕಾರವಲ್ಲ, ಆಯಾ ಬಡಾವಣೆಯ ಮನೆಮಾಲೀಕರ ಸಂಘ. ಇದನ್ನು ‘ಹೋಮ್ ಓನರ್ಸ್ ಅಸೋಸಿಯೇಷನ್’, ಚಿಕ್ಕದಾಗಿ ‘ಎಚ್‌ಒಎ’ ಎನ್ನುತ್ತಾರೆ. ಅಪಾರ್ಟ್‌ಮೆಂಟುಗಳ ಸಂಘಗಳೂ ಸೇರಿ ಆ ದೇಶದ 7 ಕೋಟಿಗೂ ಹೆಚ್ಚು ಜನ ಇಂತಹ ಸಂಘಗಳ ವ್ಯಾಪ್ತಿಯಲ್ಲಿ ವಾಸಿಸುತ್ತಾರೆ ಎಂಬುದು ಒಂದು ಅಂದಾಜು.

ಅಧಿಕಾರ ಎಲ್ಲಿಂದ ಬಂತು?

ಬಡಾವಣೆ ನಿರ್ಮಿಸುವ ಕಂಪನಿಯು ಮನೆಗಳನ್ನು ಮಾರುವ ಮೊದಲೇ ಷರತ್ತುಗಳ ಪತ್ರವೊಂದನ್ನು ನೋಂದಣಿ ಮಾಡಿಸುತ್ತದೆ. ಇದಕ್ಕೆ ‘ಸಿಸಿ ಅಂಡ್ ಆರ್’ ಎಂದು ಹೆಸರು. ಈ ಷರತ್ತುಗಳು ಮನುಷ್ಯನಿಗಲ್ಲ, ಜಮೀನಿಗೆ ಅಂಟಿಕೊಂಡಿರುತ್ತವೆ. ಮನೆ ಎಷ್ಟು ಕೈ ಬದಲಾದರೂ ಹೊಸ ಮಾಲೀಕರು ಅವುಗಳಿಗೆ ಬದ್ಧರು. ಕೊಂಡವರು ತಾವಾಗಿಯೇ ಸಂಘದ ಸದಸ್ಯರಾಗುತ್ತಾರೆ ಮತ್ತು ನಿಗದಿತ ಶುಲ್ಕ ಕಟ್ಟಬೇಕಾಗುತ್ತದೆ. ಪತ್ರವನ್ನು ಓದಿರಲಿಲ್ಲ ಎಂಬ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ನಿಯಮಗಳು ಯಾವುದಕ್ಕೆ?

ಗೋಡೆ ಮತ್ತು ಬಾಗಿಲಿನ ಬಣ್ಣ, ಛಾವಣಿಯ ಹೆಂಚು, ಬೇಲಿಯ ಎತ್ತರ, ಹುಲ್ಲುಹಾಸಿನ ಆರೈಕೆ, ಕಸದ ಡಬ್ಬಿ ಇಡುವ ಜಾಗ, ಬೀದಿಗೆ ಕಾಣುವಂತೆ ಬಟ್ಟೆ ಒಣಹಾಕುವುದು, ಹಬ್ಬದ ದೀಪಗಳನ್ನು ಎಷ್ಟು ದಿನ ಬಿಡಬಹುದು ಎಂಬುದು, ಹೀಗೆ ಪಟ್ಟಿ ಉದ್ದವಿರುತ್ತದೆ. ಒಂದು ಮನೆ ಹಾಳು ಬಿದ್ದಂತೆ ಕಂಡರೆ ಅಕ್ಕಪಕ್ಕದ ಮನೆಗಳ ಬೆಲೆಯೂ ಇಳಿಯುತ್ತದೆ ಎಂಬುದು ಸಂಘಗಳು ಕೊಡುವ ಕಾರಣ. ಹೊರಗಿನ ಯಾವ ಬದಲಾವಣೆಗೂ ಮೊದಲು ನಕ್ಷೆ ಮತ್ತು ಬಣ್ಣದ ಮಾದರಿಯೊಂದಿಗೆ ಸಂಘದ ವಿನ್ಯಾಸ ಸಮಿತಿಗೆ ಅರ್ಜಿ ಸಲ್ಲಿಸುವುದು ರೂಢಿ. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಸಮಿತಿಯ ತೀರ್ಮಾನ ಲಿಖಿತವಾಗಿರಬೇಕು, ಅರ್ಜಿ ತಿರಸ್ಕರಿಸಿದರೆ ಕಾರಣ ತಿಳಿಸಬೇಕು.

ಹಿಂದಿನ ಕಹಿ ಅಧ್ಯಾಯ

ಇಂತಹ ಷರತ್ತುಗಳ ಇತಿಹಾಸ ಬರೀ ಅಂದಚೆಂದದ್ದಲ್ಲ. 20ನೇ ಶತಮಾನದ ಆರಂಭದಲ್ಲಿ ಅನೇಕ ಬಡಾವಣೆಗಳ ಪತ್ರಗಳಲ್ಲಿ, ಮನೆಯನ್ನು ಕಪ್ಪು ಜನರಿಗೆ ಮಾರಬಾರದು ಎಂಬ ಷರತ್ತೂ ಇತ್ತು. ಕೆಲವು ಕಡೆ ಏಷ್ಯಾದವರನ್ನು ಮತ್ತು ಯಹೂದ್ಯರನ್ನೂ ಹೊರಗಿಡಲಾಗಿತ್ತು. 1948ರಲ್ಲಿ ‘ಶೆಲ್ಲಿ ವಿರುದ್ಧ ಕ್ರೇಮರ್’ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಇಂತಹ ಜನಾಂಗೀಯ ಷರತ್ತನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ತೀರ್ಪು ನೀಡಿತು. 1968ರ ವಸತಿ ನ್ಯಾಯ ಕಾಯ್ದೆಯು ಮನೆ ಮಾರಾಟದಲ್ಲಿ ಜನಾಂಗ, ಧರ್ಮ ಮತ್ತು ಮೂಲದೇಶದ ಭೇದವನ್ನು ನಿಷೇಧಿಸಿತು.

ಸಂಘ ತಡೆಯಲಾಗದ್ದು

ಖಾಸಗಿ ಷರತ್ತಿಗಿಂತ ಕಾನೂನು ದೊಡ್ಡದು. ಕೆಲವು ಮುಖ್ಯ ಉದಾಹರಣೆಗಳು:

* ಡಿಶ್ ಆಂಟೆನಾ: 1996ರ ಕೇಂದ್ರ ನಿಯಮದಂತೆ, ಒಂದು ಮೀಟರ್ ಅಥವಾ ಅದಕ್ಕಿಂತ ಕಡಿಮೆ ಅಗಲದ ಡಿಶ್ಶನ್ನು ಮಾಲೀಕರು ತಮ್ಮ ಸ್ವಂತ ಬಳಕೆಯ ಜಾಗದಲ್ಲಿ ಹಾಕಿಕೊಳ್ಳುವುದನ್ನು ಸಂಘ ನಿಷೇಧಿಸುವಂತಿಲ್ಲ.
* ರಾಷ್ಟ್ರಧ್ವಜ: ಮನೆಯ ಮೇಲೆ ಅಮೆರಿಕದ ಧ್ವಜ ಹಾರಿಸುವ ಹಕ್ಕನ್ನು 2006ರಲ್ಲಿ ಸಹಿಯಾದ ಕೇಂದ್ರ ಕಾಯ್ದೆ ರಕ್ಷಿಸುತ್ತದೆ.
* ಸೌರ ಫಲಕ: ಕ್ಯಾಲಿಫೋರ್ನಿಯಾ 1978ರಲ್ಲೇ ಇದಕ್ಕೆ ರಕ್ಷಣೆ ಕೊಟ್ಟಿತು. ಫ್ಲಾರಿಡಾದ ಕಾನೂನು ಬಟ್ಟೆ ಒಣಹಾಕುವ ಹಗ್ಗಕ್ಕೂ ರಕ್ಷಣೆ ನೀಡುತ್ತದೆ.
* ಹುಲ್ಲುಹಾಸು: ಬರಗಾಲದ ತುರ್ತು ಘೋಷಣೆ ಇರುವಾಗ ನೀರು ಕಡಿಮೆ ಹಾಯಿಸಿದ್ದಕ್ಕೆ ದಂಡ ಹಾಕದಂತೆ ಕ್ಯಾಲಿಫೋರ್ನಿಯಾ 2014ರಲ್ಲಿ ಕಾನೂನು ಮಾಡಿತು. ಮೇರಿಲ್ಯಾಂಡ್‌ನಲ್ಲಿ ಜೇನ್ನೊಣ, ಚಿಟ್ಟೆಗಳಿಗೆ ನೆರವಾಗುವ ಗಿಡಗಳ ತೋಟಕ್ಕೆ 2021ರಲ್ಲಿ ರಕ್ಷಣೆ ದೊರೆಯಿತು.
* ಧಾರ್ಮಿಕ ಚಿಹ್ನೆ: ಟೆಕ್ಸಾಸ್ 2011ರಲ್ಲಿ ಮುಂಬಾಗಿಲಿನ ಮೇಲೆ ಒಟ್ಟು 25 ಚದರ ಇಂಚಿನಷ್ಟು ಧಾರ್ಮಿಕ ವಸ್ತುಗಳಿಗೆ ಅವಕಾಶ ಕೊಟ್ಟಿತು. 2021ರ ತಿದ್ದುಪಡಿ ಇದನ್ನು ಮನೆಯ ಆವರಣಕ್ಕೂ ವಿಸ್ತರಿಸಿತು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಸುತ್ತ ನೆಲೆಸಿರುವ ಕನ್ನಡ ಕುಟುಂಬಗಳು ಬಾಗಿಲಿಗೆ ತೋರಣ ಕಟ್ಟುವಾಗ, ಅಂಗಳದಲ್ಲಿ ತುಳಸಿಕಟ್ಟೆ ಇಡುವಾಗ ಈ ಕಾನೂನನ್ನು ತಿಳಿದಿರುವುದು ಒಳ್ಳೆಯದು.

ಮುರಿದರೆ ಏನಾಗುತ್ತದೆ?

ಮೊದಲು ನೋಟಿಸು, ಆಮೇಲೆ ವಿಚಾರಣೆ, ಬಳಿಕ ದಂಡ. ಬಳಿದ ಬಣ್ಣವನ್ನು ಸ್ವಂತ ಖರ್ಚಿನಲ್ಲಿ ಬದಲಿಸಬೇಕಾಗಿಯೂ ಬರಬಹುದು. ಹೆಚ್ಚಿನ ಅಪಾಯ ಇರುವುದು ಬಾಕಿಯಲ್ಲಿ. ಸಂಘದ ಶುಲ್ಕ ಬಾಕಿ ಬಿದ್ದರೆ ಅದು ಮನೆಯ ಮೇಲೆ ಋಣವಾಗಿ ಕೂರುತ್ತದೆ, ಕೊನೆಗೆ ಮನೆಯೇ ಹರಾಜಿಗೆ ಬರಬಹುದು. ಕ್ಯಾಲಿಫೋರ್ನಿಯಾದಲ್ಲಿ ಬಾಕಿ 1,800 ಡಾಲರ್ ಮುಟ್ಟುವವರೆಗೆ ಅಥವಾ 12 ತಿಂಗಳು ಮೀರುವವರೆಗೆ ಹರಾಜಿಗೆ ಅವಕಾಶವಿಲ್ಲ. ಅಲ್ಲಿ 2025ರಿಂದ, ಆರೋಗ್ಯ ಮತ್ತು ಸುರಕ್ಷತೆಗೆ ಧಕ್ಕೆ ತರದ ಉಲ್ಲಂಘನೆಗೆ ತಲಾ 100 ಡಾಲರಿಗಿಂತ ಹೆಚ್ಚು ದಂಡ ಹಾಕುವಂತಿಲ್ಲ. ಇತರ ರಾಜ್ಯಗಳ ಕಾನೂನು ಬೇರೆ ಬೇರೆ.

ಮನೆ ಕೊಳ್ಳುವವರಿಗೆ ಸೂಚನೆ

ಮುಂಗಡ ಕೊಡುವ ಮೊದಲೇ ಷರತ್ತುಗಳ ಪತ್ರ, ವಿನ್ಯಾಸ ನಿಯಮಗಳು ಮತ್ತು ಸಂಘದ ಲೆಕ್ಕಪತ್ರ ಕೇಳಿ ಪಡೆದು ಓದಬೇಕು. ಸಂಘದವರ ಬಾಯಿಮಾತಿನ ಒಪ್ಪಿಗೆಯನ್ನು ನಂಬದೆ ಲಿಖಿತ ಅನುಮತಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು. ನೋಟಿಸು ಬಂದರೆ ಗಡುವಿನೊಳಗೆ ಉತ್ತರ ಕೊಡಬೇಕು. ದಂಡದ ವಿಷಯದಲ್ಲಿ ಜಗಳವಿದ್ದರೂ ಮಾಸಿಕ ಶುಲ್ಕವನ್ನು ನಿಲ್ಲಿಸಬಾರದು. ಸಂಘದ ಪದಾಧಿಕಾರಿಗಳೂ ಅದೇ ಬಡಾವಣೆಯ ಮಾಲೀಕರೇ, ಸದಸ್ಯರ ಮತದಿಂದ ಬಂದವರು. ಆದ್ದರಿಂದ ನಿಯಮ ಸರಿಯಿಲ್ಲ ಎನಿಸಿದವರು ಸಭೆಗೆ ಹೋಗಿ ಮಾತಾಡಿ, ಮತ ಹಾಕಿ ಅದನ್ನು ಬದಲಿಸಲು ಪ್ರಯತ್ನಿಸಬಹುದು.