ಎಡಿಸನ್ ಕಾಲದ ನಿಕಲ್-ಕಬ್ಬಿಣ ಬ್ಯಾಟರಿಗೆ ಮರುಜೀವ: ಏನಿದರ ವಿಶೇಷ?
ಥಾಮಸ್ ಎಡಿಸನ್ ಎಲೆಕ್ಟ್ರಿಕ್ ಕಾರುಗಳಿಗಾಗಿ ನಿಕಲ್-ಕಬ್ಬಿಣ ಬ್ಯಾಟರಿಯನ್ನು ರೂಪಿಸಿ 1901ರಲ್ಲಿ ಪೇಟೆಂಟ್ ಪಡೆದರು. ಒಂದು ಕಡೆ ನಿಕಲ್, ಇನ್ನೊಂದು ಕಡೆ ಕಬ್ಬಿಣ, ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ. ಇಷ್ಟೇ ಇದರ ರಚನೆ. ದಶಕಗಳ ಕಾಲ ಬಾಳಿಕೆ ಬರುತ್ತದೆ, ದ್ರಾವಣಕ್ಕೆ ಬೆಂಕಿ ಹೊತ್ತಿಕೊಳ್ಳುವುದಿಲ್ಲ.

ಆದರೆ ತೂಕ ಹೆಚ್ಚು, ಚಾರ್ಜ್ ಆಗುವುದು ನಿಧಾನ. ಪೆಟ್ರೋಲ್ ಕಾರುಗಳು ಬಂದ ಮೇಲೆ ಇದು ರಸ್ತೆಯಿಂದ ಮರೆಯಾಯಿತು.

2012ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಗ್ರಾಫೀನ್ ಮತ್ತು ಕಾರ್ಬನ್ ನ್ಯಾನೊಟ್ಯೂಬ್ ಬೆರೆಸಿ, ಸಣ್ಣ ಮಾದರಿಯೊಂದನ್ನು ಸುಮಾರು 2 ನಿಮಿಷಗಳಲ್ಲಿ ಚಾರ್ಜ್ ಮಾಡಿ ತೋರಿಸಿದರು.

ಪೂರ್ತಿ ಚಾರ್ಜ್ ಆದ ಮೇಲೂ ವಿದ್ಯುತ್ ಹರಿದರೆ ಇದರಿಂದ ಹೈಡ್ರೋಜನ್ ಹೊಮ್ಮುತ್ತದೆ. ಹಿಂದೆ ಇದೇ ದೊಡ್ಡ ದೋಷವಾಗಿತ್ತು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಲಾಭವಾಗಿ ಬದಲಿಸಿ 'ಬ್ಯಾಟೊಲೈಸರ್' ರೂಪಿಸಿದರು. ಸೌರ, ಪವನ ವಿದ್ಯುತ್ತನ್ನು ಮೊದಲು ಸಂಗ್ರಹಿಸಿ, ಹೆಚ್ಚಾದದ್ದರಿಂದ ಹೈಡ್ರೋಜನ್ ತಯಾರಿಸುವುದು ಇದರ ಕೆಲಸ. ಒಂದೇ ಕಡೆ ನಿಲ್ಲುವ ಇಂಥ ಘಟಕಕ್ಕೆ ತೂಕ ಅಡ್ಡಿಯಲ್ಲ.